ಗುಳಿಗೆ ಬಿಟ್ಟರೆ ಕೆರಳುವ ರಕ್ತ ಕ್ಯಾನ್ಸರ್

ರಕ್ತದ ಕ್ಯಾನ್ಸರ್ ಎಂದೊಡನೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಎಲ್ಲವೂ ಒಂದೇ ವೇಗದವಲ್ಲ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ, ಅಂದರೆ ಸಿ.ಎಂ.ಎಲ್., ಬಹುಕಾಲ ಸದ್ದಿಲ್ಲದೆ ಇರಬಲ್ಲದು. ಸುಸ್ತು, ತೂಕ ಇಳಿಕೆ, ಗುಲ್ಮ ಊದಿ ಎಡ ಪಕ್ಕೆಯ ಕೆಳಗೆ ಭಾರವೆನಿಸುವುದು, ಇಷ್ಟೇ. ಎಷ್ಟೋ ಮಂದಿಗೆ ಅದೂ ಇರುವುದಿಲ್ಲ; ಬೇರೇನಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ, 11,000 ದಾಟಬಾರದ ಬಿಳಿ ರಕ್ತಕಣಗಳು ಲಕ್ಷ ಮೀರಿರುವುದು ಪತ್ತೆಯಾಗುತ್ತದೆ.

9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದೇ ಇದರ ಮೂಲ. ಹೀಗೆ ಗಿಡ್ಡಾದ 22ನೇ ವರ್ಣತಂತುವನ್ನು 1960ರಲ್ಲಿ ಗುರುತಿಸಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಊರಿನ ಹೆಸರೇ ಅದಕ್ಕೆ ಅಂಟಿತು. ಇದು ಆನುವಂಶಿಕವಲ್ಲ, ಅಂಟುರೋಗವೂ ಅಲ್ಲ. ಮಗಳ ಮದುವೆಗೆ ತೊಡಕಾದೀತೆಂದು ತಂದೆಯ ರೋಗವನ್ನು ಮುಚ್ಚಿಡಬೇಕಾಗಿಲ್ಲ!

ಅದಲುಬದಲಿನಿಂದ ಹುಟ್ಟುವ ದೋಷಯುಕ್ತ ಪ್ರೋಟೀನು ಕಣಗಳನ್ನು ಎಡೆಬಿಡದೆ ವಿಭಜಿಸುವಂತೆ ಪ್ರಚೋದಿಸುತ್ತದೆ. ವಿಭಜನೆ ಹೆಚ್ಚಿದಷ್ಟೂ ಹೊಸ ದೋಷಗಳು ಸೇರುವ ಸಂಭವ ಹೆಚ್ಚು. ಕೊನೆಗೆ ಕಣಗಳು ಬಲಿಯುವುದನ್ನೇ ಮರೆತು, ಎಳೆಕಣಗಳು ಅಸ್ಥಿಮಜ್ಜೆಯಲ್ಲಿ ಕಿಕ್ಕಿರಿಯುತ್ತವೆ. ಇದೇ ‘ಬ್ಲಾಸ್ಟ್ ಕ್ರೈಸಿಸ್’. ಜ್ವರ, ಮೂಳೆನೋವು, ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಈ ಹಂತ ತಲುಪಿದರೆ ಚಿಕಿತ್ಸೆ ಬಹಳ ಕಷ್ಟ.

2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಗುಳಿಗೆ ಆ ಪ್ರೋಟೀನನ್ನೇ ಕಟ್ಟಿಹಾಕುತ್ತದೆ. ಹಿಂದೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಕೆರಳುತ್ತಿದ್ದ ರೋಗ ಈಗ ಬಹುತೇಕರಲ್ಲಿ ಹತೋಟಿಯಲ್ಲಿರುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಕಣಗಳ ಎಣಿಕೆ ಸರಿಹೋದ ಕೂಡಲೇ ‘ವಾಸಿಯಾಯಿತು’ ಎಂದು ಗುಳಿಗೆ ನಿಲ್ಲಿಸುವವರುಂಟು. ಎಣಿಕೆ ಸರಿಯಿದ್ದರೂ ರೋಗಕಣಗಳು ಅಡಗಿರುತ್ತವೆ. ಅವನ್ನು ಹುಡುಕಲು ಪಿ.ಸಿ.ಆರ್. ಪರೀಕ್ಷೆಯೇ ಬೇಕು, ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ. ಹಲವು ವರ್ಷ ಈ ಪರೀಕ್ಷೆಯಲ್ಲಿ ಉತ್ತಮ ಫಲ ಕಂಡ ಕೆಲವರಿಗೆ ತಜ್ಞರೇ ಗುಳಿಗೆ ನಿಲ್ಲಿಸಿ ನೋಡುವುದುಂಟು. ಆ ತೀರ್ಮಾನ ಅವರದಿರಲಿ. ಮಗು ಬೇಕೆನ್ನುವ ಮಹಿಳೆಯರು ಗರ್ಭ ಧರಿಸುವ ಮುನ್ನವೇ ವೈದ್ಯರಿಗೆ ತಿಳಿಸಬೇಕು.