ಹಾಳೂರಿನ ಹೊನ್ನು

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ನಾಡಿಗೆಲ್ಲ ಹೆಸರಾಗಿವೆ. ಇಲ್ಲಿನ ಕೊಬ್ಬರಿ ದೂರದ ಉತ್ತರ ಭಾರತದ ಮಾರುಕಟ್ಟೆಗಳಿಗೂ ಹೋಗುತ್ತದೆ. ತೋಟದ ನೆರಳಿನಲ್ಲಿ ನಡೆದುಹೋಗುವವನಿಗೆ ಈ ನೆಲವು ಎಂದೆಂದಿಗೂ ಹೀಗೆಯೇ ಇದ್ದಿತೆಂದು ತೋರುವುದು ಸಹಜ. ಆದರೆ ತೋಟಗಳ ಅಂಚಿನಲ್ಲಿ, ಕೆರೆಗಳ ಹಿಂಭಾಗದಲ್ಲಿ, ಅಲ್ಲಲ್ಲಿ ಸುತ್ತಲ ನೆಲಕ್ಕಿಂತ ತುಸು ಎತ್ತರವಾದ ದಿಬ್ಬಗಳನ್ನು ಕಾಣಬಹುದು. ಅವುಗಳ ಮೇಲೆ ಮಡಕೆಯ ಚೂರುಗಳು, ಇಟ್ಟಿಗೆಯ ತುಂಡುಗಳು ಹರಡಿರುತ್ತವೆ. ಮಣ್ಣು ಬೂದಿಯ ಬಣ್ಣದ್ದಾಗಿರುತ್ತದೆ. ಹತ್ತಿರದಲ್ಲೊಂದು ಮುಕ್ಕಾದ ವೀರಗಲ್ಲೋ ಪೂಜೆಯಿಲ್ಲದ ಬಸವನೋ ಇರುವುದುಂಟು. ಜನರು ಇಂಥ ಸ್ಥಳವನ್ನು ಹಾಳೂರು ಎನ್ನುತ್ತಾರೆ. ಕಂದಾಯದ ದಾಖಲೆಗಳಲ್ಲಿ ಜನವಸತಿಯಿಲ್ಲದ ಇಂಥ ಊರಿಗೆ ‘ಬೇಚರಾಕ್ ಗ್ರಾಮ’ವೆಂದು ಹೆಸರು. ಈ ಮಾತು ಪಾರಸಿ ಭಾಷೆಯಿಂದ ಬಂದದ್ದು. ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ. ದೀಪ ಹಚ್ಚುವವರಿಲ್ಲದ ಊರು. ಸರ್ಕಾರದ ಕಡತಗಳಲ್ಲಿ ಇಷ್ಟು ಕಾವ್ಯಮಯವಾದ ಪದ ಇನ್ನೊಂದಿರಲಾರದೆಂದು ನನ್ನ ಎಣಿಕೆ.

ಊರು ಹಾಳಾಗುವುದಕ್ಕೆ ಕಾರಣಗಳು ಹಲವು. ಬರ ಬಂದು ಜನರು ಗುಳೆ ಹೋದದ್ದುಂಟು; ಕೆರೆ ಒಡೆದು ನೀರಿಲ್ಲದಾದದ್ದುಂಟು; ಸಾಂಕ್ರಾಮಿಕ ರೋಗಕ್ಕೆ ಹೆದರಿ ಮನೆಗಳನ್ನು ಬಿಟ್ಟು ಹೊಸ ಊರು ಕಟ್ಟಿಕೊಂಡದ್ದುಂಟು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಹಾಗಲವಾಡಿಯ ಪಾಳೆಯಗಾರರು, ಮೈಸೂರಿನ ಅರಸರು, ಸಿರಾದಲ್ಲಿ ನೆಲೆಯೂರಿದ್ದ ಮೊಗಲರ ಸುಬೇದಾರರು, ದಂಡೆತ್ತಿ ಬರುತ್ತಿದ್ದ ಮರಾಠರು, ಇವರೆಲ್ಲರ ನಡುವೆ ಈ ಸೀಮೆ ಸಿಕ್ಕಿಕೊಂಡಿತ್ತು. ದಂಡು ಬರುತ್ತದೆಂಬ ಸುದ್ದಿ ಬಂದ ರಾತ್ರಿ ಒಕ್ಕಲು ಏನು ಮಾಡಬೇಕು? ಬ್ಯಾಂಕಿಲ್ಲ, ಕಬ್ಬಿಣದ ಪೆಟ್ಟಿಗೆಯಿಲ್ಲ. ಇದ್ದ ನಾಲ್ಕು ಕಾಸನ್ನು ಕುಡಿಕೆಯಲ್ಲಿಟ್ಟು ಬಾಯಿ ಮುಚ್ಚಿ, ಒರಳುಕಲ್ಲಿನ ಬುಡದಲ್ಲೋ ಹಿತ್ತಿಲಿನಲ್ಲೋ ಹೂಳಬೇಕು. ಹೂಳಿದವನು ಹಿಂದಿರುಗಿ ಬಂದರೆ ಕುಡಿಕೆ ಮೇಲೆ ಬಂದಿತು. ಬಾರದಿದ್ದರೆ ಅಲ್ಲಿಯೇ ಉಳಿಯಿತು. ಇಂದು ನಾವು ನಿಧಿಯೆಂದು ಕರೆಯುವುದು ಬಹುಮಟ್ಟಿಗೆ ಹೀಗೆ ಹಿಂದಿರುಗಿ ಬಾರದವರ ಉಳಿತಾಯ.

ತೆಂಗಿನ ಸಸಿ ನೆಡಲು ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ತೆಗೆಯುವುದು ವಾಡಿಕೆ. ಒಂದು ಎಕರೆ ತೋಟಕ್ಕೆ ಇಂಥ ಹತ್ತಾರು ಗುಂಡಿಗಳು ಬೇಕು. ಹಾಳೂರಿನ ದಿಬ್ಬವು ತೋಟವಾಗುವಾಗ ಗುದ್ದಲಿಗೆ ಒಮ್ಮೊಮ್ಮೆ ಹಳೆಯ ನಾಣ್ಯ ತಗಲುವುದು ಈ ಕಾರಣದಿಂದ. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಮಕ್ಕಳು ಹಸಿರುಗಟ್ಟಿದ ತಾಮ್ರದ ಬಿಲ್ಲೆಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದು ತೋರಿಸುತ್ತಿದ್ದರು. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಬರಹ ಇದ್ದರೆ ಅದು ಟಿಪ್ಪು ಸುಲ್ತಾನನ ಕಾಲದ್ದೆಂದು ಊಹಿಸಬಹುದು. ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳ ಜೊತೆಗೆ ಇಂಗ್ಲಿಷ್ ಅಕ್ಷರಗಳೂ ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದು. ಹೈದರಾಲಿಯ ಚಿನ್ನದ ನಾಣ್ಯವಂತೂ ಆಲೋಚನೆಗೆ ಹಚ್ಚುವಂಥದು. ಹಿಂದಿನ ಅರಸರು ಅಚ್ಚು ಹಾಕಿಸುತ್ತಿದ್ದ ಶಿವಪಾರ್ವತಿಯರ ಚಿತ್ರವನ್ನು ಅವನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಸೇರಿಸಿದನು. ಸಂತೆಯಲ್ಲಿ ಜನರು ನಂಬಿ ಕೈಗೆ ತೆಗೆದುಕೊಳ್ಳುವ ನಾಣ್ಯವನ್ನು ಬದಲಿಸುವುದು ಜಾಣತನವಲ್ಲವೆಂದು ಅವನು ಅರಿತಿದ್ದಿರಬೇಕು. ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳ ವಿಷ್ಣುವರ್ಧನನ ಹೊನ್ನು ಸಿಗುತ್ತದೆ. ಅದರ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂಬ ಬಿರುದುಗಳು ಕನ್ನಡದಲ್ಲಿಯೇ ಇವೆ. ಗೆದ್ದ ಊರನ್ನು ಶಿಲೆಯ ಮೇಲೆ ಬರೆಯಿಸಿದ್ದಲ್ಲದೆ ನಾಣ್ಯದ ಮೇಲೂ ಬರೆಯಿಸಿ ಊರೂರಿಗೆ ಕಳುಹಿಸಿದ ಅರಸನವನು.

ಈಗ ಕೆಲವು ವರ್ಷಗಳಿಂದ ಹಾಳೂರುಗಳಿಗೆ ಗುದ್ದಲಿಯ ಜೊತೆಗೆ ಲೋಹಶೋಧಕ ಯಂತ್ರವೂ ಬಂದಿದೆ. ಮೆಟಲ್ ಡಿಟೆಕ್ಟರ್ ಎಂದು ಪೇಟೆಯಲ್ಲಿ ಮಾರುವುದು ಇದನ್ನೇ. ಉದ್ದವಾದ ಹಿಡಿಕೆಯ ತುದಿಯಲ್ಲಿ ತಟ್ಟೆಯಂಥ ಭಾಗವಿದ್ದು, ಅದರೊಳಗೆ ತಂತಿಯ ಸುರುಳಿ ಇರುತ್ತದೆ. ಸುರುಳಿಯಲ್ಲಿ ವಿದ್ಯುತ್ ಪ್ರವಹಿಸಿದಾಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರವೊಂದು ಏರ್ಪಡುತ್ತದೆ. ನೆಲದಲ್ಲಿ ಲೋಹವಿದ್ದರೆ ಅದರೊಳಗೂ ಸಣ್ಣ ಪ್ರವಾಹ ಹುಟ್ಟಿ, ಅದು ತನ್ನದೇ ಆದ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಯಂತ್ರವು ಈ ವ್ಯತ್ಯಾಸವನ್ನು ಗ್ರಹಿಸಿ ಸದ್ದು ಮಾಡುತ್ತದೆ.

ಈ ತತ್ತ್ವ ಹೊಸದೇನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯೊಳಗೆ ಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಸಾಧನವನ್ನು ಪ್ರಯೋಗಿಸಿದನು. ಗುಂಡು ಸಿಗಲಿಲ್ಲ. ರೋಗಿಯ ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಸಾಧನವನ್ನು ದಾರಿ ತಪ್ಪಿಸಿದವೆಂದು ಹೇಳುತ್ತಾರೆ. ವೈದ್ಯರು ತಾವು ಊಹಿಸಿದ ಪಕ್ಕದಲ್ಲಿ ಮಾತ್ರ ಹುಡುಕಲು ಬಿಟ್ಟರೆಂಬುದೂ ಇನ್ನೊಂದು ಕಾರಣ. ಮುಂದೆ 1930ರ ದಶಕದಲ್ಲಿ ಫಿಷರ್ ಎಂಬ ಎಂಜಿನಿಯರು ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಲು ಇಂಥ ಯಂತ್ರಗಳು ಬಹಳ ನೆರವಾದವು.

ಬೆಲ್‌ನನ್ನು ಕಾಡಿದ ತೊಡಕು ಇಂದಿಗೂ ಉಂಟು. ಯಂತ್ರಕ್ಕೆ ಗದ್ಯಾಣವೂ ಒಂದೇ, ಎತ್ತಿನ ಲಾಳದ ಮೊಳೆಯೂ ಒಂದೇ, ಸೋಡಾ ಬಾಟಲಿಯ ಮುಚ್ಚಳವೂ ಒಂದೇ. ಸಣ್ಣ ನಾಣ್ಯವಾದರೆ ಸಾಮಾನ್ಯ ಯಂತ್ರಕ್ಕೆ ಒಂದು ಗೇಣಿನಷ್ಟು ಆಳದವರೆಗೆ ಮಾತ್ರ ತಿಳಿಯುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆ ಗುಡ್ಡಗಳಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸೂ ಇವೆ. ಕಬ್ಬಿಣದ ಅಂಶ ಹೆಚ್ಚಾಗಿರುವ ನೆಲದಲ್ಲಿ ಯಂತ್ರವು ಏನೂ ಇಲ್ಲದೆಡೆಯೂ ಕೂಗಬಲ್ಲದು. ಇದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಮಡಕೆ, ಇದ್ದಿಲು, ಸುಟ್ಟ ರಾಗಿ ಕಾಳು, ಮೂಳೆ, ಮಣಿ, ಮಣ್ಣಿನ ಗೋಡೆ, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಒಂದು ಊರಿನ ಬಾಳೆಲ್ಲ ಇವುಗಳಲ್ಲಿಯೇ ಇರುತ್ತದೆ. ಯಂತ್ರವು ಕೂಗಿದ ಕಡೆ ಗುಂಡಿ ತೋಡಿದವನು ಒಂದು ಬಿಲ್ಲೆಗಾಗಿ ಇವನ್ನೆಲ್ಲ ಕಲಸಿಬಿಡುತ್ತಾನೆ.

ಕಲಸಿದರೆ ಆಗುವ ನಷ್ಟವೇನೆಂಬುದನ್ನು ತಿಳಿಯಲು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು, ಹಿರಿಯೂರುಗಳ ದಾರಿಯಾಗಿ ಚಿತ್ರದುರ್ಗದವರೆಗೆ ಹೋಗಬೇಕು. ಅಲ್ಲಿನ ಕೋಟೆಬೆಟ್ಟದ ತಪ್ಪಲಿನಲ್ಲಿ ಚಂದ್ರವಳ್ಳಿ ಎಂಬ ಸ್ಥಳವಿದೆ. ಇದೂ ಜನರು ಮರೆತ ಒಂದು ಪಟ್ಟಣವೇ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ಇಲ್ಲಿ ಉತ್ಖನನ ನಡೆಸಿದರು. ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರೂ ಇವರೇ. 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರು ಚಂದ್ರವಳ್ಳಿಯನ್ನೂ ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯನ್ನೂ ಮತ್ತೆ ಅಗೆಯಿಸಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳೊಂದಿಗೆ ರೋಮಿನ ಬೆಳ್ಳಿಯ ನಾಣ್ಯಗಳೂ ದೊರೆತವು. ಅವುಗಳಲ್ಲಿ ತಿಬೇರಿಯಸ್ ಚಕ್ರವರ್ತಿಯ ನಾಣ್ಯವೂ ಉಂಟು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ.

ನೆಲವು ಪದರ ಪದರವಾಗಿ ಬೆಳೆಯುತ್ತದೆ. ಒಂದು ಮನೆ ಬಿದ್ದು ಅದರ ಮೇಲೆ ಇನ್ನೊಂದು ಎದ್ದಾಗ ಹಳೆಯದು ಕೆಳಗೆ, ಹೊಸದು ಮೇಲೆ. ತಿಬೇರಿಯಸ್ಸನ ನಾಣ್ಯವು ಒಂದು ಕದಡದ ಪದರದೊಳಗೆ ಸಿಕ್ಕಿದರೆ ಆ ಪದರವು ಕ್ರಿ.ಶ. 14ಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ. ಅಚ್ಚಾಗದ ನಾಣ್ಯವು ನೆಲಕ್ಕೆ ಬೀಳುವುದೆಂತು? ಅದೇ ಪದರದಲ್ಲಿದ್ದ ಮಡಕೆಗಳಿಗೂ ಆಗ ಕಾಲದ ಗುರುತು ಸಿಕ್ಕಿತು. ಅಂಥದೇ ಮಡಕೆ ಬೇರೆ ಊರಿನಲ್ಲಿ ನಾಣ್ಯವಿಲ್ಲದೆ ಸಿಕ್ಕಿದಾಗ ಆ ಊರಿನ ಕಾಲವೂ ತಿಳಿಯಿತು. ಹೀಗೆ ಒಂದು ಚಿಕ್ಕ ಬೆಳ್ಳಿಯ ಬಿಲ್ಲೆಯಿಂದ ದಕ್ಷಿಣ ಭಾರತದ ಎಷ್ಟೋ ನೆಲೆಗಳ ವಯಸ್ಸನ್ನು ಲೆಕ್ಕ ಹಾಕುವ ದಾರಿ ತೆರೆಯಿತು. ಅದೇ ನಾಣ್ಯವನ್ನು ಯಾರೋ ಕಿತ್ತು ತಂದು ಚಿನಿವಾರನ ಅಂಗಡಿಯಲ್ಲಿಟ್ಟಿದ್ದರೆ ತಿಬೇರಿಯಸ್ಸನ ಮುಖವೇನೋ ಕಾಣುತ್ತಿತ್ತು, ಬೆಳ್ಳಿಯ ತೂಕವೂ ತಿಳಿಯುತ್ತಿತ್ತು. ಚಂದ್ರವಳ್ಳಿಯ ವಿಷಯ ಮಾತ್ರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅಷ್ಟು ದೊಡ್ಡ ರಾಶಿಯಾದರೂ ಪದರಗಳ ಲೆಕ್ಕ ಹೇಳುವುದರಲ್ಲಿ ಚಂದ್ರವಳ್ಳಿಯ ಕೆಲವೇ ನಾಣ್ಯಗಳಿಗೆ ಅದು ಸಮನಾಗಲಾರದು.

ಸ್ಥಳವನ್ನು ಗುರುತಿಸಿಡುವ ಶ್ರದ್ಧೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬಿ. ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದಾಗ, ಯಾವ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಬಳಿ ಅಥವಾ ಯಾವ ಹೊಲದಲ್ಲಿ ಇದ್ದಿತೆಂಬುದನ್ನು ಶಾಸನದ ಜೊತೆಗೇ ನಮೂದಿಸಿದರು. ಇಂದು ಕಲ್ಲು ಕಾಣೆಯಾಗಿದ್ದರೂ ಅದು ಇದ್ದ ಜಾಗವನ್ನು ನಾವು ಹೇಳಬಲ್ಲೆವು. ನಾಣ್ಯಕ್ಕೂ ಇಷ್ಟೇ ಬೇಕಾದದ್ದು.

ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷವಾದ ತೊಡಕಿದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ತೋಟಗಳಿಗೆ ಹೊಡೆಯುವುದು ಹಿಂದಿನಿಂದ ಬಂದ ಪದ್ಧತಿ; ತೆಂಗಿಗೆ ಅದು ಒಳ್ಳೆಯ ಗೊಬ್ಬರ. ಕೆರೆಯಂಗಳದಲ್ಲಿ ಬಿದ್ದ ನಾಣ್ಯವು ಗೋಡಿನೊಡನೆ ಗಾಡಿ ಹತ್ತಿ ಒಂದು ಹರದಾರಿ ದೂರದ ತೋಟಕ್ಕೆ ಬಂದಿರಬಹುದು. ಆದ್ದರಿಂದ ತೋಟದಲ್ಲಿ ನಾಣ್ಯ ಸಿಕ್ಕಿತೆಂದು ಅಲ್ಲಿ ಊರಿದ್ದಿತೆಂದು ಹೇಳಲಾಗದು. ಗೋಡು ಎಂದು ಹೊಡೆಯಿತು, ಯಾವ ಕೆರೆಯದು ಎಂಬುದನ್ನು ಮನೆಯ ಹಿರಿಯರೇ ಹೇಳಬೇಕು. ಈ ಪ್ರಶ್ನೆಯನ್ನು ಯಾವ ಯಂತ್ರವೂ ಕೇಳುವುದಿಲ್ಲ.

ನಿಧಿಯ ಆಸೆಯಿಂದ ನಡೆಯುವ ಹಾನಿಯನ್ನು ಇಲ್ಲಿ ಹೇಳದೆ ಇರಲಾಗದು. ಅಂಜನ ಹಾಕಿಸಿ ನೋಡುವವರು, ಹಾವು ಕಾಯುತ್ತಿದೆಯೆಂದು ನಂಬಿಸಿ ಪೂಜೆಗೆ ಹಣ ಕೀಳುವವರು ಹಿಂದೆಯೂ ಇದ್ದರು. ಈಗ ಅವರ ಕೈಗೆ ಯಂತ್ರವೂ ಬಂದಿದೆ, ಅಷ್ಟೇ. ಬಸವನ ಹೊಟ್ಟೆಯಲ್ಲಿ ಹೊನ್ನಿದೆಯೆಂದು ವಿಗ್ರಹವನ್ನು ಒಡೆದ, ಗರ್ಭಗುಡಿಯ ನೆಲವನ್ನು ರಾತ್ರಿಯಲ್ಲಿ ಅಗೆದ ಸುದ್ದಿಗಳು ನಾಡಿನ ಅನೇಕ ಕಡೆಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಅರಳಗುಪ್ಪೆಯ ಕಲ್ಲೇಶ್ವರ, ವಿಘ್ನಸಂತೆಯ ಲಕ್ಷ್ಮೀನರಸಿಂಹ, ನಾಗಲಾಪುರದ ಕೇದಾರೇಶ್ವರ, ಇಂಥ ಗುಡಿಗಳಿರುವ ಸೀಮೆ ನಮ್ಮದು. ವಿಗ್ರಹವನ್ನು ಟೊಳ್ಳು ಮಾಡಿ ಹೊನ್ನು ತುಂಬಿಡುವುದು ಶಿಲ್ಪಿಯ ಕೆಲಸವಲ್ಲವೆಂಬ ಸಾಮಾನ್ಯ ತಿಳಿವಳಿಕೆಯೂ ಒಡೆಯುವವನಿಗಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1878ರ ಭಾರತೀಯ ನಿಧಿ ಕಾಯಿದೆಯೇ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವನು ಅದು ಏನು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಕಲೆಕ್ಟರಿಗೆ ಬರೆದು ತಿಳಿಸಬೇಕೆಂದು ವಿಧಿಸಿತ್ತು. ಎಲ್ಲಿ ಎಂಬ ಪ್ರಶ್ನೆಯನ್ನು ಆ ಕಾಯಿದೆ ಅಂದೇ ಕೇಳಿದ್ದು ಗಮನಾರ್ಹ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯ, ಶಿಲ್ಪಗಳು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುಗಳಾಗುತ್ತವೆ. ಸಂರಕ್ಷಿತ ನೆಲದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಇಂಗ್ಲೆಂಡಿನಲ್ಲಿ ಹೊಲದೊಡೆಯನ ಒಪ್ಪಿಗೆ ಪಡೆದು ಲೋಹಶೋಧಕವನ್ನು ಆಡಿಸುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. 2009ರಲ್ಲಿ ಸ್ಟಾಫರ್ಡ್‌ಷೈರಿನ ಹೊಲವೊಂದರಲ್ಲಿ ಅಂಥವನೊಬ್ಬನಿಗೆ ಆಂಗ್ಲೋ ಸ್ಯಾಕ್ಸನ್ ಕಾಲದ ಚಿನ್ನದ ದೊಡ್ಡ ರಾಶಿಯೇ ಸಿಕ್ಕಿತು. ಅವನು ಸುದ್ದಿ ಮುಟ್ಟಿಸಿದನು, ವಿದ್ವಾಂಸರು ಬಂದು ಅಗೆದರು, ವಸ್ತುಸಂಗ್ರಹಾಲಯಗಳು ಕೊಟ್ಟ ಮೂವತ್ತೆರಡು ಲಕ್ಷ ಪೌಂಡಿಗೂ ಮೀರಿದ ಹಣವನ್ನು ಅವನೂ ಹೊಲದೊಡೆಯನೂ ಹಂಚಿಕೊಂಡರು. ನೇಗಿಲು ಆ ನೆಲವನ್ನು ಮೊದಲೇ ಕದಡಿದ್ದರಿಂದ ಅಷ್ಟು ಚಿನ್ನವನ್ನು ಅಲ್ಲಿ ಹೂಳಿದವರಾರು, ಏಕೆ ಹೂಳಿದರು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

ನಿಮ್ಮ ತೋಟದ ಗುಂಡಿಯಲ್ಲಿ ನಾಣ್ಯವೊಂದು ಕಂಡರೆ ಅದನ್ನು ಹುಣಸೆಹಣ್ಣಿನಿಂದ ಬೆಳಗಲು ಹೋಗಬೇಡಿರಿ. ಹಸಿರಿನೊಡನೆ ಅಕ್ಷರಗಳೂ ಹೋಗುತ್ತವೆ. ಕುಡಿಕೆಯಾದರೆ ಒಳಗಿನ ಮಣ್ಣನ್ನು ಕೊಡವಬೇಡಿರಿ. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಸರ್ವೆ ನಂಬರು, ಬದುವಿನಿಂದ ಎಷ್ಟು ಮಾರು ದೂರ, ಮೇಲಿನಿಂದ ಎಷ್ಟು ಗೇಣು ಆಳ, ಮಣ್ಣಿನ ಬಣ್ಣ, ಜೊತೆಯಲ್ಲಿದ್ದ ಮಡಕೆಚೂರುಗಳು, ಇಷ್ಟನ್ನು ಬರೆದಿಡಿರಿ. ಆ ಚೀಟಿಯನ್ನು ನಾಣ್ಯದ ಜೊತೆಗಿರಿಸಿ, ಹಿರಿಯರ ಮೂಲಕ ತಹಶೀಲ್ದಾರರ ಕಚೇರಿಗೆ ಮುಟ್ಟಿಸಿದರೆ ಅಲ್ಲಿಂದ ಅದು ಪುರಾತತ್ವ ಇಲಾಖೆಯವರಿಗೆ ತಲುಪುತ್ತದೆ. ಮುಂಗಾರು ಹಿಡಿಯುವ ಮೊದಲೇ ಗುಂಡಿ ತೆಗೆದು ಬಿಸಿಲಿಗೆ ಬಿಡುವುದು ಇಲ್ಲಿನ ರೂಢಿ. ಆ ದಿನಗಳಲ್ಲಿ ಶಾಲೆಗೂ ಬೇಸಗೆಯ ರಜವಿರುತ್ತದೆ.