ಹಸಿರು ಕೆರೆಯಲ್ಲಿ ಮೀನಿಗೇಕೆ ಉಸಿರುಗಟ್ಟುತ್ತದೆ?

ಮಕ್ಕಳೇ, 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೆರೆ ಬತ್ತಿರಲಿಲ್ಲ. ಆದರೆ ಚರಂಡಿ ನೀರು ಸೇರಿದ ಆ ಕೆರೆಯಲ್ಲಿ ಮೀನುಗಳ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇರಲಿಲ್ಲ. ಹೀಗೇಕಾಗುತ್ತದೆ? ತಿಳಿಯೋಣ ಬನ್ನಿ.

ಪಾಚಿಗೆ ಹಬ್ಬ

ಚರಂಡಿ ನೀರು ಮತ್ತು ಹೊಲದ ಗೊಬ್ಬರದ ಜೊತೆ ಸಾರಜನಕ, ರಂಜಕಗಳ ಲವಣಗಳು ಕೆರೆ ಸೇರುತ್ತವೆ. ಇವು ಪಾಚಿಗೆ ಪೋಷಕಾಂಶಗಳು. ಆಳವಿಲ್ಲದ ಕೆರೆಯಲ್ಲಿ ಗಾಳಿ ಬೀಸಿದಾಗ ತಳದ ಕೆಸರು ಕದಡಿ, ಅದರಲ್ಲಿರುವ ರಂಜಕವೂ ಮೇಲೆ ಬರುತ್ತದೆ. ಪಾಚಿ ಬೆಳೆದು ನೀರು ಹಸಿರಾಗುತ್ತದೆ.

ಯಾರು ಯಾರನ್ನು ತಿನ್ನುತ್ತಾರೆ?

ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳೇ ಸಸ್ಯಪ್ಲವಕಗಳು. ನೀರುಚಿಗಟದಂತಹ ಪುಟ್ಟ ಜೀವಿಗಳು ಪ್ರಾಣಿಪ್ಲವಕಗಳು. ನೀರುಚಿಗಟಗಳು ಪಾಚಿಯನ್ನು ಸೋಸಿ ತಿಂದು ನೀರನ್ನು ತಿಳಿಯಾಗಿಸುತ್ತವೆ. ಅನೇಕ ಸಣ್ಣ ಮೀನುಗಳಿಗೆ ನೀರುಚಿಗಟವೇ ಆಹಾರ. ಆ ಸಣ್ಣ ಮೀನುಗಳನ್ನು ಕೊರವದಂತಹ ದೊಡ್ಡ ಮೀನು ಬೇಟೆಯಾಡುತ್ತದೆ.

ದೊಡ್ಡ ಮೀನು ಕಡಿಮೆಯಾದರೆ ಏನಾಗಬಹುದು? ಸಣ್ಣ ಮೀನು ಹೆಚ್ಚುತ್ತವೆ, ನೀರುಚಿಗಟ ಕಡಿಮೆಯಾಗುತ್ತವೆ, ಪಾಚಿ ಹೆಚ್ಚುತ್ತದೆ. ನೋಡಿದಿರಾ, ಪಾಚಿಯನ್ನು ಮುಟ್ಟದ ಮೀನೂ ನೀರಿನ ಬಣ್ಣ ಬದಲಿಸಬಲ್ಲದು!

ಹಗಲು ಕೊಟ್ಟದ್ದು, ರಾತ್ರಿ ಖರ್ಚು

ಹಗಲಿನಲ್ಲಿ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತದೆ. ರಾತ್ರಿ ಬೆಳಕಿಲ್ಲ. ಆಗ ಪಾಚಿ, ಮೀನು ಎಲ್ಲವೂ ಉಸಿರಾಡಿ ಆಮ್ಲಜನಕ ಬಳಸುತ್ತವೆ. ಸತ್ತ ಪಾಚಿ ಮತ್ತು ಚರಂಡಿಯ ಕಲ್ಮಶವನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಬಳಸುತ್ತವೆ. ಹೀಗಾಗಿ ಬೆಳಗಿನ ಜಾವ ಆಮ್ಲಜನಕ ತೀರಾ ಕಡಿಮೆ. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಆಮ್ಲಜನಕ ಇನ್ನೂ ಇಳಿದರೆ ಸಾಯುತ್ತವೆ.

ದೊಡ್ಡ ಮೀನು ಬಿಟ್ಟರೆ ಸಾಕೇ?

ಸಾಲದು. ಪೋಷಕಾಂಶ ಅತಿಯಾದಾಗ ನೀಲಿ-ಹಸಿರು ಪಾಚಿ ಬೆಳೆಯುತ್ತದೆ. ಗುಂಪುಗೂಡಿದ ಈ ಪಾಚಿಯನ್ನು ನೀರುಚಿಗಟ ತಿನ್ನಲಾರದು. ಕೆಲವು ಬಗೆಯವು ವಿಷವನ್ನೂ ಉತ್ಪಾದಿಸುತ್ತವೆ. ಆದ್ದರಿಂದ ಚರಂಡಿ ನೀರು ಕೆರೆಗೆ ಸೇರದಂತೆ ತಡೆಯುವುದೇ ಮೊದಲ ಮದ್ದು.

ಮಾಡಿ ನೋಡಿ

ಶಿಕ್ಷಕರ ನೆರವಿನಿಂದ ಎರಡು ಗಾಜಿನ ಬಾಟಲಿಗಳಲ್ಲಿ ಕೆರೆಯ ನೀರು ತುಂಬಿಸಿ. ಒಂದಕ್ಕೆ ಮಾತ್ರ ಚಿಟಿಕೆ ಗೊಬ್ಬರ ಹಾಕಿ. ಎರಡನ್ನೂ ಬಾಯಿ ತೆರೆದು ಬೆಳಕಿರುವ ಕಿಟಕಿಯ ಬಳಿ ಎರಡು ವಾರ ಇಡಿ. ಬಣ್ಣದ ಬದಲಾವಣೆಯನ್ನು ದಿನವೂ ಬರೆದಿಡಿ. ಬಾಟಲಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಯೋಚಿಸಿ

1. ನೀರುಚಿಗಟಗಳೆಲ್ಲ ಸತ್ತರೆ ಕೆರೆ ಏನಾಗಬಹುದು?
2. ನಿಮ್ಮೂರ ಕೆರೆಗೆ ಯಾವ ಯಾವ ನೀರು ಬಂದು ಸೇರುತ್ತದೆ? ಹಿರಿಯರನ್ನು ಕೇಳಿ, ನಕ್ಷೆ ಬರೆಯಿರಿ.