ಸೌಟು ಯಾರ ಕೈಗೆ?

ಪ್ರೀತಿಯ ಮಗನಿಗೆ,

“ಈ ಸಭೆಯ ಸಹವಾಸ ಸಾಕು ದೊಡ್ಡಪ್ಪ, ಇನ್ನು ತುಮಕೂರಿನಲ್ಲಿ ಬೇರೆ ಕೂಟಕ್ಕೆ ಹೋಗ್ತೀನಿ” ಎಂದು ಬರೆದಿದ್ದೀಯ. ನಿನ್ನ ವಾರಿಗೆಯವರು ಬಹಳ ಜನ ಇದೇ ಮಾತಾಡುತ್ತಿರುವುದರಿಂದ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಹೋಗಬೇಡ ಎಂದು ಕಟ್ಟಿಹಾಕುವ ಕಾಲ ಇದಲ್ಲ. ಹೊರಡುವ ಮುಂಚೆ ನಾಲ್ಕು ಮಾತು ಕಿವಿಗೆ ಹಾಕಿಕೋ.

ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಕೇಳಿದ್ದಕ್ಕೆ ಹಿರಿಯರು ಹರಿಹಾಯ್ದರು, “ಸಭೆಯಲ್ಲಿ ಒಗ್ಗಟ್ಟು ಮುಖ್ಯ, ಸುಮ್ಮನಿರು” ಅಂದರು. ನಿನ್ನ ಸಿಟ್ಟಿನ ಬುಡ ಅದೇ ತಾನೆ? ನೀನು ಕೇಳಿದ್ದು ಸರಿ. ಬಾಯಿ ಮುಚ್ಚಿಸಲು ಒಗ್ಗಟ್ಟಿನ ಹೆಸರು ಹೇಳುವ ಚಾಳಿ ನಮ್ಮಲ್ಲಿ ಹಳೆಯದು. ತೆಂಗಿನಕಾಯಿ, ರಾಗಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ, ಇವನ್ನೆಲ್ಲ ಜನ ಹೊತ್ತು ತಂದು ಬಲಿಪೀಠದ ಮುಂದೆ ಇಡುತ್ತಾರೆ. ಆಮೇಲೆ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಹಠಕ್ಕೆ ಬಿದ್ದು ಸಂತೆಯ ಬೆಲೆಗಿಂತ ಹತ್ತು ಪಟ್ಟು ಕೂಗುತ್ತಾರೆ. ಆ ದುಡ್ಡು ಎಲ್ಲಿ ಹೋಯಿತು ಎಂದು ಕಾಯಿ ಕೊಟ್ಟವನು ಕೇಳಿದರೆ ತಪ್ಪೇನು?

ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ನೋಡು. ಯೆರೂಸಲೇಮಿನ ಆ ಮೊದಲ ಸಭೆಯಲ್ಲಿ ಗುಣುಗುಟ್ಟುವಿಕೆ ಎದ್ದದ್ದು ಊಟಕ್ಕೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆಯುತ್ತಿದ್ದಾರೆ ಎಂಬ ದೂರು. ಅಪೊಸ್ತಲರು ದೂರಿದವರನ್ನು ಗದರಲಿಲ್ಲ. ಏಳು ಜನರನ್ನು ನೀವೇ ಆರಿಸಿಕೊಳ್ಳಿ ಅಂದರು. ಆರಿಸಿದವರ ಹೆಸರು ನೋಡು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳು! ನೊಂದ ಕಡೆಯವರ ಕೈಗೇ ಸೌಟು ಕೊಟ್ಟುಬಿಟ್ಟರು ಎಂದೇ ನಾನು ಓದುತ್ತೇನೆ. ಇಷ್ಟು ಎದೆಗಾರಿಕೆ ನಮ್ಮ ಯಾವ ಕಮಿಟಿಗಿದೆ?

ನಮ್ಮ ಸೀಮೆಯ ಕತೆಯನ್ನೂ ಕೇಳು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಶುರುಮಾಡಿದರು. ಹಾಗೆ ಈ ಕಡೆಯವರು ಮೆಥಡಿಸ್ಟರಾದೆವು. ಬೇರೆ ಕಡೆ ಆಂಗ್ಲಿಕನ್ನರು, ಲಂಡನ್ ಮಿಷನ್ನಿನವರು, ಪ್ರೆಸ್ಬಿಟೀರಿಯನ್ನರು. 1919ರಲ್ಲಿ ತರಂಗಂಬಾಡಿಯಲ್ಲಿ ಐಕ್ಯದ ಮಾತು ಶುರುವಾಯಿತು. ಅದು ಕೈಗೂಡಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಮದರಾಸಿನ ಸೇಂಟ್ ಜಾರ್ಜ್ ಕಥೆಡ್ರಲಿನಲ್ಲಿ. ಇಪ್ಪತ್ತೆಂಟು ವರ್ಷದ ಹಗ್ಗಜಗ್ಗಾಟ. ಬಿಷಪ್ ಬೇಕೆನ್ನುವವರು ಒಂದು ಕಡೆ, ಬಿಷಪ್ಪರ ಕೈ ತಲೆಯ ಮೇಲಿಲ್ಲದೆಯೇ ತಲೆಮಾರುಗಟ್ಟಲೆ ಸೇವೆ ಮಾಡಿದ ಅಯ್ಯನವರು ಇನ್ನೊಂದು ಕಡೆ. ಕೊನೆಗೆ ಯಾರಿಗೂ ಮತ್ತೊಮ್ಮೆ ಅಭಿಷೇಕ ಮಾಡುವುದು ಬೇಡ, ಇದ್ದವರನ್ನು ಇದ್ದ ಹಾಗೇ ಒಪ್ಪೋಣ, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ವ್ಯವಸ್ಥೆಯನ್ನು ಹೇರುವುದಿಲ್ಲ ಎಂದು ಮಾತು ಕೊಟ್ಟುಕೊಂಡ ಮೇಲೆಯೇ ದಕ್ಷಿಣ ಭಾರತ ಸಭೆ ಹುಟ್ಟಿದ್ದು. ಹೇರುವುದಿಲ್ಲ ಎಂಬ ಆ ಒಂದು ಮಾತಿನ ಮೇಲೆ ನಿಂತ ಸಭೆಯಲ್ಲಿ ನಿನ್ನನ್ನು “ಸುಮ್ಮನಿರು” ಅಂದದ್ದೇ ನನಗೆ ಹೆಚ್ಚು ಕೆಡುಕೆನಿಸುತ್ತದೆ.

ಹಾಗಂತ ನಿನ್ನ ಪೆಟ್ಟಿಗೆಗೆ ನಾನು ಬೀಗ ಹಾಕಿಕೊಡುವುದಿಲ್ಲ. ಯಡಿಯೂರಿನ ಸುತ್ತ ನಾವಿರುವುದೇ ಕೆಲವು ಮನೆ. ಕುಣಿಗಲ್ ಮೇಲೆ ರೈಲು ಓಡಾಡಲು ಶುರುವಾದ ಮೇಲೆ ಹುಡುಗರೆಲ್ಲ ಬೆಂಗಳೂರು ಸೇರಿದರು. ಮನೆಯಲ್ಲಿ ಉಳಿದವರು ಅರವತ್ತು ದಾಟಿದವರು. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ತೀರಿಕೊಂಡಾಗ ಗುಂಡಿ ತೋಡಲು ಗುದ್ದಲಿ ಹಿಡಿದವರಲ್ಲಿ ಹೆಚ್ಚಿನವರು ಪಕ್ಕದ ಲಿಂಗಾಯತರ, ಒಕ್ಕಲಿಗರ ಹುಡುಗರು. ನಮ್ಮವರು ಶವಪೆಟ್ಟಿಗೆಗೆ ಯಾವ ಬಣ್ಣದ ಬಟ್ಟೆ ಹೊದಿಸಬೇಕೆಂದು ಮಾತಾಡುತ್ತಿದ್ದರು. ಇಲ್ಲೇ ಸಿದ್ಧಲಿಂಗೇಶ್ವರನ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕೂತವನಿಗೆ ಯಾರೆಂದು ಕೇಳುವ ಮೊದಲೇ ಎಲೆ ಹಾಕುತ್ತಾರೆ. ನಾವು ಕರ್ತನ ಭೋಜನಕ್ಕೆ ಮೊಣಕಾಲೂರುವಾಗಲೂ ಇವರು ಯಾರ ಕಡೆಯವರು ಎಂದು ಓರೆಗಣ್ಣಿನಲ್ಲಿ ನೋಡುತ್ತೇವೆ. ಕೊರಿಂಥದಲ್ಲಿ ಉಳ್ಳವರು ಮೊದಲು ಉಂಡು ಇಲ್ಲದವರನ್ನು ಹಸಿದಿರಲು ಬಿಟ್ಟಾಗ ಪೌಲ ರೇಗಿದ್ದು ಸುಮ್ಮನೆ ಅಲ್ಲ.

ತುಮಕೂರಿನ ಕೂಟದಲ್ಲಿ ಹಾಡು ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ ಅಂದೆ. ಇರಲಿ, ಕೇಳಿಕೊಂಡು ಬಾ. ಆದರೆ ಅಲ್ಲಿ ನಿನ್ನ ಪಕ್ಕ ಕೂತವನ ತಾಯಿಗೆ ಮಂಡಿನೋವು ಎಂಬುದು ನಿನಗೆ ಗೊತ್ತಾಗಲು ವರ್ಷ ಬೇಕು. ಇಲ್ಲಿ ಯಾರ ಪಿಂಚಣಿ ನಿಂತಿದೆ, ಯಾರ ಮಗ ಕುಡಿತಕ್ಕೆ ಬಿದ್ದಿದ್ದಾನೆ, ಯಾರು ಡಯಾಲಿಸಿಸ್‌ಗೆಂದು ಮುಂಜಾನೆಯ ಬಸ್ಸಿಗೆ ಒಬ್ಬರೇ ನಿಲ್ಲುತ್ತಾರೆ, ಎಲ್ಲ ನಿನಗೆ ಈಗಲೇ ಗೊತ್ತು. ಗೊತ್ತಿದ್ದ ಮೇಲೆ ಒಂದು ದಿನ ಆ ಬಸ್ಸು ಹತ್ತು. ಸ್ತ್ರೀಯರ ಕೂಟದವರು ಇದನ್ನು ಸದ್ದಿಲ್ಲದೆ ಮಾಡುತ್ತಾರೆ. ಗಂಡಸರಾದ ನಾವು ಠರಾವು ಪಾಸು ಮಾಡುತ್ತೇವೆ.

ಲೆಕ್ಕದ ವಿಷಯ. ಮೊನ್ನೆ ಕಮಿಟಿಯಲ್ಲಿ ಈ ಬಾರಿಯ ಹರಾಜಿನ ಪುಸ್ತಕ ಯಾರು ಬರೆಯುವುದು ಎಂಬ ಮಾತು ಬಂತು. ನಿನ್ನ ಹೆಸರು ಕೊಟ್ಟಿದ್ದೇನೆ. ಇಬ್ಬರು ಮುಖ ಗಂಟಿಕ್ಕಿದರು, ಆದರೂ ಪಾಸಾಯಿತು. ಬರುವ ಭಾನುವಾರ ಆರಾಧನೆಗೆ ಅರ್ಧ ಗಂಟೆ ಮುಂಚೆ ಬಾ, ಹೊಸ ರಸೀದಿ ಪುಸ್ತಕ ನನ್ನ ಹತ್ತಿರ ಇದೆ.

ನಿನ್ನ ದೊಡ್ಡಪ್ಪ